ಮಳೆಗಾಲದಲ್ಲಿ ರಕ್ತದಲ್ಲಿ ತೊಯ್ದ ಬಟ್ಟೆ: ಸ್ಥಳದಲ್ಲೇ ಸೀಲ್ ಮಾಡಬೇಕೋ, ಒಣಗಿಸಿ ಮಾಡಬೇಕೋ?

ತನಿಖೆ_ಕಲಿಕೆ

ತರಬೇತಿಗೆ ಕೊಟ್ಟಿರುವ ಅಭ್ಯಾಸ ಪ್ರಕರಣ ಹೀಗಿದೆ. ಜುಲೈ ತಿಂಗಳು, ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆ, ಒಳಗೆ ಕೊಲೆ. ಕೆಂಪು ಸಿಮೆಂಟ್ ನೆಲದ ಮೇಲೆ ರಕ್ತ, ಶವದ ಮೈಮೇಲೆ ತೊಯ್ದ ಬಟ್ಟೆ, ಪಕ್ಕದಲ್ಲಿ ರಕ್ತ ಹೀರಿಕೊಂಡ ಟವೆಲ್, ಹಿತ್ತಲಲ್ಲಿ ಮರದ ಹಿಡಿಯ ಮಚ್ಚು, ಅಂಗಳದ ಕೆಸರಿನಲ್ಲಿ ಚಪ್ಪಲಿ ಗುರುತು. ಮನೆಗೆ ಸಿಸಿಟಿವಿ ಇದೆ. ಹೊರಗೆ ಬಿಡದೆ ಮಳೆ.

ಪಂಚರ ಸಮಕ್ಷಮ ಅಲ್ಲೇ ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗಿನ ಮೊಹರು ಹಾಕಿ, ಪಂಚರು ಸಹಿ ಮಾಡಿದ ಚೀಟಿ ಅಂಟಿಸಬೇಕು ಎಂದು ಮಹಜರಿನ ಪಾಠದಲ್ಲಿ ಹೇಳುತ್ತಾರೆ. ಒದ್ದೆ ವಸ್ತುವನ್ನು ಸೀಲ್ ಮಾಡಲೇಬಾರದು ಎಂದು ಫೊರೆನ್ಸಿಕ್ ಪಾಠದಲ್ಲಿ ಹೇಳುತ್ತಾರೆ. ಆ ಮಳೆಯಲ್ಲಿ ಟವೆಲ್ ಒಣಗಲು ಎರಡು ದಿನವಾದರೂ ಬೇಕು. ಎರಡೂ ಪಾಠವನ್ನು ಒಟ್ಟಿಗೆ ಪಾಲಿಸುವುದು ಹೇಗೆ? ಕೆಲಸದ ಕ್ರಮ ಯಾವುದು? ಗೊತ್ತಿರುವವರು ವಿವರವಾಗಿ ತಿಳಿಸಿ.

---

ಲ್ಯಾಬ್_ಮೇಜು

ಮೊದಲು ಒಂದು ತಿದ್ದುಪಡಿ. ಶವದ ಮೈಮೇಲಿನ ಬಟ್ಟೆಯನ್ನು ಸ್ಥಳದಲ್ಲಿ ಬಿಚ್ಚುವಂತಿಲ್ಲ. ಗಾಯ ಎಲ್ಲಿದೆ, ಬಟ್ಟೆ ಎಲ್ಲಿ ಹರಿದಿದೆ, ಎರಡೂ ಒಂದರ ಮೇಲೊಂದು ಕೂರುತ್ತವೆಯೇ ಎಂಬುದನ್ನು ಮರಣೋತ್ತರ ಪರೀಕ್ಷೆಯ ವೈದ್ಯರು ನೋಡಬೇಕು. ಶವದ ಎರಡೂ ಕೈಗೆ ಕಾಗದದ ಚೀಲ ಕಟ್ಟಿ (ಉಗುರಿನಡಿ ಏನಾದರೂ ಇರಬಹುದು), ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ಕಳಿಸಿ. ಬಟ್ಟೆ ವೈದ್ಯರ ಕೈಯಿಂದ ನಿಮಗೆ ಬರುತ್ತದೆ. ಆಸ್ಪತ್ರೆಯಲ್ಲಿ ಅದನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಕೊಡುವುದುಂಟು. ಹಾಗೆ ಮಾಡಬೇಡಿ, ಒಣಗಿಸಿ ಕಾಗದದಲ್ಲಿ ಕೊಡಿ ಎಂದು ಕೋರಿಕೆ ಪತ್ರದಲ್ಲೇ ಬರೆದುಬಿಡಿ.

ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಏನಾಗುತ್ತದೆ ಗೊತ್ತೇ? ತೇವ ಹೊರಗೆ ಹೋಗುವುದಿಲ್ಲ, ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆಯುತ್ತವೆ, ಅವುಗಳ ಕಿಣ್ವಗಳು ಡಿಎನ್‌ಎಯನ್ನು ತುಂಡು ತುಂಡು ಮಾಡುತ್ತವೆ. ಕೆಲವೇ ದಿನಗಳಲ್ಲಿ ಪ್ರೊಫೈಲ್ ಅರೆಬರೆಯಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಬಿಳಿ ಬಟ್ಟೆ ಸುತ್ತಿ ಹೊಲಿದರೂ ಒಳಗಿನ ಮಡಿಕೆ ಒದ್ದೆಯಾಗಿದ್ದರೆ ಕಥೆ ಅದೇ. ಮಡಿಕೆಯಿಂದ ಇನ್ನೊಂದು ತೊಂದರೆಯೂ ಇದೆ: ರಕ್ತ ಒಂದು ಪದರದಿಂದ ಇನ್ನೊಂದಕ್ಕೆ ಅಚ್ಚೊತ್ತಿ, ಚಿಮ್ಮಿದ ಹನಿ ಯಾವುದು, ಒತ್ತಿದ ಕಲೆ ಯಾವುದು ಎಂದು ಆಮೇಲೆ ಹೇಳಲಾಗುವುದಿಲ್ಲ.

ಒಣಗಿಸುವ ವಿಧಾನ: ಬೀಗವಿರುವ ಕೋಣೆ, ನೆರಳು, ಹಗ್ಗಕ್ಕೆ ಹೊಸ ಕ್ಲಿಪ್, ಕೆಳಗೆ ಶುಭ್ರ ಬಿಳಿ ಕಾಗದ. ಕೂದಲು, ಎಳೆ, ಮಣ್ಣು ಉದುರಿದರೆ ಆ ಕಾಗದದ ಮೇಲೆ ಬೀಳುತ್ತದೆ, ಅದನ್ನೂ ಮಡಿಸಿ ಬೇರೆ ಪ್ಯಾಕ್ ಮಾಡಬೇಕು. ಬಿಸಿಲು ಬೇಡ (ನೇರಳಾತೀತ ಕಿರಣ ಡಿಎನ್‌ಎಗೆ ಹಾನಿ), ಹೇರ್ ಡ್ರೈಯರ್ ಬೇಡ, ಫ್ಯಾನನ್ನು ನೇರವಾಗಿ ಬಟ್ಟೆಗೆ ತಿರುಗಿಸುವುದೂ ಬೇಡ. ಮಲೆನಾಡಿನ ಜುಲೈನಲ್ಲಿ ಎಸಿ ಇರುವ ಮುಚ್ಚಿದ ಕೋಣೆ ಸಿಕ್ಕರೆ ಬಹಳ ಒಳ್ಳೆಯದು, ಗಾಳಿಯ ತೇವವನ್ನು ಅದು ಎಳೆದು ಹಾಕುತ್ತದೆ. ಸತ್ತವರ ಬಟ್ಟೆ ಮತ್ತು ಆರೋಪಿಯ ಬಟ್ಟೆ ಒಂದೇ ಕೋಣೆಯಲ್ಲಿ ಎಂದಿಗೂ ಕೂಡದು. ಒಂದೇ ಕೈಗವಸಿನಲ್ಲಿ ಎರಡನ್ನು ಮುಟ್ಟುವುದೂ ಕೂಡದು. ಒಣಗಿದ ಮೇಲೆ ಪದರದ ನಡುವೆ ಕಾಗದ ಇಟ್ಟು, ಕಲೆಯ ಮೇಲೆ ಮಡಿಕೆ ಬೀಳದಂತೆ ಮಡಿಸಿ, ಒಂದೊಂದು ಬಟ್ಟೆಗೆ ಒಂದೊಂದು ಕಾಗದದ ಚೀಲ.

ನೆಲದ ರಕ್ತಕ್ಕೆ ಸ್ಟೆರೈಲ್ ಹತ್ತಿ ಕಡ್ಡಿ, ಒಂದೆರಡು ಹನಿ ಡಿಸ್ಟಿಲ್ಡ್ ವಾಟರ್, ಅಷ್ಟೇ. ನಲ್ಲಿ ನೀರು ಬಳಸಬೇಡಿ. ಹತ್ತಿ ತೊಟ್ಟಿಕ್ಕುವಷ್ಟು ನೀರು ಹಾಕಿದರೆ ಕಲೆ ತೆಳುವಾಗಿ ಹರಡಿಹೋಗುತ್ತದೆ. ಅದೇ ನೆಲದಲ್ಲಿ ರಕ್ತವಿಲ್ಲದ ಜಾಗದಿಂದ ಇನ್ನೊಂದು ಕಡ್ಡಿ ಒರೆಸಿ ಕಂಟ್ರೋಲ್ ಮಾದರಿ ಎಂದು ಬರೆಯಿರಿ. ಇದನ್ನು ಮರೆಯುವವರು ಬಹಳ. ಕೆಂಪು ನೆಲದಲ್ಲಿ ಒಣಗಿದ ರಕ್ತ ಕಣ್ಣಿಗೆ ಕಾಣದು, ಟಾರ್ಚನ್ನು ನೆಲಕ್ಕೆ ಸಮವಾಗಿ ಹಿಡಿದು ಓರೆ ಬೆಳಕಿನಲ್ಲಿ ಹುಡುಕಿ. ಕಡ್ಡಿಗಳು ಆ ಹವೆಯಲ್ಲಿ ಬೇಗ ಒಣಗದಿದ್ದರೆ, ಕಡ್ಡಿ ಎಲ್ಲಿಗೂ ತಾಗದಂತೆ ನಿಲ್ಲಿಸುವ ರಟ್ಟಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಮಚ್ಚು: ಫೋಟೊ ಆದ ಮೇಲೆ, ಅಲಗಿನಲ್ಲಿ ರಕ್ತದ ಬೆರಳಚ್ಚು ಕಂಡರೆ ಪೌಡರ್ ಹಾಕಬೇಡಿ. ಅಂಥ ಗುರುತನ್ನು ಬಣ್ಣ ಬರಿಸುವ ರಾಸಾಯನಿಕದಿಂದ ಲ್ಯಾಬಿನಲ್ಲಿ ಎತ್ತುತ್ತಾರೆ. ಒರಟು ಮರದ ಹಿಡಿಯಲ್ಲಿ ಬೆರಳಚ್ಚು ಸಿಗುವುದು ಕಷ್ಟ, ಹಿಡಿದವನ ಚರ್ಮದ ಕೋಶ ಸಿಗಬಹುದು, ಆದ್ದರಿಂದ ಅಲ್ಲಿಗೂ ಬ್ರಷ್ ಬೇಡ. ತೊಳೆದಿಟ್ಟ ಮಚ್ಚಾದರೂ ಹಿಡಿ ಮತ್ತು ಅಲಗು ಕೂಡುವ ಸಂದಿಯಲ್ಲಿ ರಕ್ತ ಉಳಿಯುತ್ತದೆ, ಅದನ್ನು ನೀವು ಕೆದಕಬೇಡಿ. ರಟ್ಟಿನ ಪೆಟ್ಟಿಗೆಯ ತಳಕ್ಕೆ ಎರಡು ಕಡೆ ದಾರದಿಂದ ಕಟ್ಟಿ, ಅಲಗು ಎಲ್ಲಿಗೂ ಉಜ್ಜದಂತೆ ಇಡಿ. ಹತ್ತಿಯಲ್ಲಿ ಸುತ್ತಿದರೆ ರಕ್ತವೆಲ್ಲ ಹತ್ತಿಗೆ.

ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ "ಎಲ್ಲಕ್ಕೂ ಕಾಗದ" ಎಂದು ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ಬೆಂಕಿ ಹಚ್ಚಿದ ಪ್ರಕರಣದ ಬೂದಿ, ಸುಟ್ಟ ಬಟ್ಟೆಗೆ ಕಾಗದ ಬೇಡ, ಸೀಮೆಎಣ್ಣೆ ಅಥವಾ ಪೆಟ್ರೋಲಿನ ಆವಿ ಹಾರಿಹೋಗುತ್ತದೆ. ಮಾಮೂಲಿ ಪಾಲಿಥಿನ್‌ನಿಂದಲೂ ಸೋರುತ್ತದೆ. ಬಿಗಿ ಮುಚ್ಚಳದ ಹೊಸ ತಗಡಿನ ಡಬ್ಬಿ ಇಲ್ಲವೇ ಗಾಜಿನ ಜಾಡಿ, ಮೇಲೆ ಮೂರನೇ ಒಂದು ಭಾಗ ಖಾಲಿ.

---

ಸೆಷನ್ಸ್_ಹಾಲ್

ಲ್ಯಾಬ್_ಮೇಜು ಅವರು ಹೇಳಿದ್ದೆಲ್ಲ ಸರಿ. ಆದರೆ ಟವೆಲ್ಲು ಒಣಗುವ ಆ ಎರಡು ದಿನವೇ ಪಾಟೀಸವಾಲಿನಲ್ಲಿ ದೊಡ್ಡದಾಗುತ್ತದೆ. "ಮಹಜರು 12ನೇ ತಾರೀಕು, ಮೊಹರು 14ನೇ ತಾರೀಕು. ನಡುವೆ ಟವೆಲ್ ಎಲ್ಲಿತ್ತು? ಕೋಣೆಯ ಕೀಲಿ ಯಾರ ಹತ್ತಿರ?" ಈ ಪ್ರಶ್ನೆಗೆ ಕಾಗದದಲ್ಲಿ ಉತ್ತರ ಇಲ್ಲದಿದ್ದರೆ ಡಿಎನ್‌ಎ ವರದಿ ಎಷ್ಟು ಚೆನ್ನಾಗಿ ಬಂದರೂ ಉಪಯೋಗವಿಲ್ಲ.

ಹಾಗಾಗಿ ಮೊಹರನ್ನು ಎರಡು ಹಂತದಲ್ಲಿ ಮಾಡಿ. ಸ್ಥಳದಲ್ಲಿ ಟವೆಲ್ಲನ್ನು ಕಾಗದದ ಚೀಲಕ್ಕೆ ಹಾಕಿ, ಬಾಯಿಗೆ ಟೇಪ್ ಅಂಟಿಸಿ, ಟೇಪಿನ ಮೇಲಿಂದ ಚೀಲಕ್ಕೆ ದಾಟುವಂತೆ ಪಂಚರ ಸಹಿ, ನಿಮ್ಮ ಸಹಿ, ದಿನಾಂಕ, ವೇಳೆ. ಮಹಜರಿನಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ: "ಸದರಿ ಟವೆಲ್ ಒದ್ದೆಯಾಗಿರುವುದರಿಂದ ತಾತ್ಕಾಲಿಕವಾಗಿ ಕಾಗದದ ಚೀಲದಲ್ಲಿ ಮುಚ್ಚಿದ್ದು, ಠಾಣೆಯಲ್ಲಿ ಒಣಗಿಸಿ ಪಂಚರ ಸಮಕ್ಷಮ ಅಂತಿಮ ಮೊಹರು ಮಾಡಲಾಗುವುದು." ಠಾಣೆ ತಲುಪಿದ ಕೂಡಲೇ ಠಾಣಾ ದಿನಚರಿಯಲ್ಲಿ ನಮೂದು: ಎಷ್ಟು ಹೊತ್ತಿಗೆ ಚೀಲ ಬಿಚ್ಚಿ ಯಾವ ಕೋಣೆಯಲ್ಲಿ ತೂಗುಹಾಕಿದಿರಿ, ಕೀಲಿ ಯಾರ ವಶ. ಒಣಗಿದ ಮೇಲೆ ಅದೇ ಪಂಚರನ್ನು ಕರೆಸಿ ಎರಡನೇ ಪಂಚನಾಮೆ, ಬಿಳಿ ಬಟ್ಟೆ, ಅರಗು, ಇಂಥ ಅಕ್ಷರದ ಮೊಹರು ಎಂಬ ನಮೂದು. ಮಾದರಿ ಮೊಹರನ್ನು ಬೇರೆ ಹಾಳೆಯಲ್ಲಿ ಒತ್ತಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸಿ. ಲ್ಯಾಬಿನವರು "ಮೊಹರು ಭದ್ರವಾಗಿದ್ದು ಮಾದರಿಗೆ ತಾಳೆಯಾಗಿದೆ" ಎಂದು ಬರೆಯುವುದು ಅದನ್ನು ನೋಡಿಯೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ, ಜಪ್ತಿ, ಪಟ್ಟಿ ತಯಾರಿಸುವುದು, ಸಾಕ್ಷಿಗಳು ಸಹಿ ಹಾಕುವುದು, ಎಲ್ಲದರ ಆಡಿಯೊ ವಿಡಿಯೊ ಆಗಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಎರಡನೇ ಹಂತದ ಮೊಹರನ್ನೂ ವಿಡಿಯೊ ಮಾಡಿ. ಪಂಚರು ನಾಳೆ ಪ್ರತಿಕೂಲ ಸಾಕ್ಷಿಯಾದರೂ ಅವರು ಸಹಿ ಹಾಕುತ್ತಿರುವ ದೃಶ್ಯ ನಿಮ್ಮ ಕೈಯಲ್ಲಿರುತ್ತದೆ. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ 176(3)ನೇ ಕಲಂ ಫೊರೆನ್ಸಿಕ್ ತಜ್ಞರ ಸ್ಥಳ ಭೇಟಿಯನ್ನು ಹೇಳುತ್ತದೆ. ಕೊಲೆ ಎಂದ ಮೇಲೆ ಅವರನ್ನು ಕರೆಸದೆ ಯಾವುದನ್ನೂ ಎತ್ತಬೇಡಿ.

ಕಾಲಮಿತಿಯೂ ಇದೆ. 2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಡಿಎನ್‌ಎ ಮಾದರಿಗಳ ಬಗ್ಗೆ ನಿರ್ದೇಶನ ಕೊಟ್ಟಿದೆ: ಸಂಗ್ರಹಿಸಿದ 48 ಗಂಟೆಯೊಳಗೆ ಲ್ಯಾಬ್ ತಲುಪಬೇಕು, ಆಗದಿದ್ದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು, ಸಂಗ್ರಹದಿಂದ ಪ್ರಕರಣ ಮುಗಿಯುವವರೆಗೆ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ರಿಜಿಸ್ಟರ್ ಇರಬೇಕು. ವಿಚಾರಣೆ ಬಾಕಿಯಿರುವಾಗ ದಾಸ್ತಾನಿನಲ್ಲಿರುವ ಪೊಟ್ಟಣವನ್ನು ನ್ಯಾಯಾಲಯದ ಅನುಮತಿಯಿಲ್ಲದೆ ತೆರೆಯುವಂತಿಲ್ಲ, ಮರುಮೊಹರು ಮಾಡುವಂತಿಲ್ಲ. ತೀರ್ಥಹಳ್ಳಿಯಿಂದ ಬೆಂಗಳೂರಿನ ಮಡಿವಾಳದಲ್ಲಿರುವ ಲ್ಯಾಬಿಗೆ ಕಳಿಸುವುದಾದರೆ ಒಂದು ರಾತ್ರಿ ದಾರಿಯಲ್ಲೇ ಹೋಗುತ್ತದೆ. ಆದ್ದರಿಂದ ಕಡ್ಡಿಗಳನ್ನು ಒಣಗಿದ ಕೂಡಲೇ ಕಳಿಸಿ, ಟವೆಲ್ಲಿಗಾಗಿ ಅವನ್ನು ಕಾಯಿಸಬೇಡಿ.

ಇನ್ನೊಂದು ಬಿರುಕು: ಮಚ್ಚು. ಈ ಗಾಯ ಈ ಆಯುಧದಿಂದ ಆಗಬಹುದೇ ಎಂಬ ಅಭಿಪ್ರಾಯಕ್ಕೆ ಅದನ್ನು ವೈದ್ಯರಿಗೆ ಒಯ್ಯುತ್ತೀರಿ. ಅಲ್ಲಿ ಮೊಹರು ಒಡೆದು, ನೋಡಿ, ಮತ್ತೆ ಮುಚ್ಚುತ್ತಾರೆ. ಆಸ್ಪತ್ರೆಯ ಮೊಹರು ಇಲ್ಲದೆ, ಪತ್ರದಲ್ಲಿ ನಮೂದಿಲ್ಲದೆ ವಾಪಸಾದರೆ ಎಫ್‌ಎಸ್‌ಎಲ್ ವರದಿಯ ಮೊಹರಿಗೂ ನಿಮ್ಮ ಮಹಜರಿನ ಮೊಹರಿಗೂ ತಾಳೆ ತಪ್ಪುತ್ತದೆ. ಮೊದಲು ಎಫ್‌ಎಸ್‌ಎಲ್, ಅಲ್ಲಿಂದ ಬಂದ ಮೇಲೆ ವೈದ್ಯರು. ರಕ್ತವೂ ಉಳಿಯುತ್ತದೆ, ಲೆಕ್ಕವೂ ಉಳಿಯುತ್ತದೆ.

---

ತನಿಖೆ_ಕಲಿಕೆ

ಇಬ್ಬರಿಗೂ ಧನ್ಯವಾದ ಸರ್. ಎರಡು ಹಂತದ ಮೊಹರು ಅರ್ಥವಾಯಿತು. ಒಳಗಿನ ಕೆಲಸ ಮುಗಿಸಿಕೊಂಡು ಅಂಗಳಕ್ಕೆ ಬರಬೇಕೋ, ಮೊದಲು ಅಂಗಳವೋ? ಡಿವಿಆರ್‌ನ (ಸಿಸಿಟಿವಿ ದೃಶ್ಯ ದಾಖಲಿಸಿಡುವ ಯಂತ್ರ) ಫೂಟೇಜನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಸಾಕೇ?

---

ಹೆಜ್ಜೆಗುರುತು

ಮೊದಲು ಅಂಗಳ, ಅನುಮಾನವೇ ಬೇಡ. ಒಳಗಿನ ರಕ್ತ ಇನ್ನೊಂದು ಗಂಟೆ ಕಾಯುತ್ತದೆ, ಕೆಸರಿನ ಗುರುತು ಹತ್ತು ನಿಮಿಷದ ಜಡಿಮಳೆಗೆ ಉಳಿಯದು. ಹೋದ ತಕ್ಷಣ ಗುರುತಿನ ಮೇಲೆ ಬೋಗುಣಿಯನ್ನೋ ಬಕೆಟ್ಟನ್ನೋ ಅಂಚು ತಾಗದಂತೆ ಕವುಚಿ ಹಾಕಿ, ಮೇಲಿಂದ ನೀರು ಹರಿದು ಬರುತ್ತಿದ್ದರೆ ಸುತ್ತ ಸಣ್ಣ ಕಾಲುವೆ ತೋಡಿ. ಒಳಗೆ ಹೋಗಿಬರುವವರಿಗೆ ಒಂದೇ ದಾರಿ ಗುರುತು ಮಾಡಿ. ಬಾಗಿಲಲ್ಲಿ ಒಬ್ಬ ಸಿಬ್ಬಂದಿ ಹೆಸರು, ವೇಳೆ ಬರೆದುಕೊಳ್ಳಲಿ. ಊರವರು ಸೇರುವ ಮೊದಲ ಅರ್ಧ ಗಂಟೆಯಲ್ಲೇ ಹೆಚ್ಚಿನ ಗುರುತು ಅಳಿಯುವುದು.

ಫೋಟೊಗೆ ಕ್ಯಾಮೆರಾ ಟ್ರೈಪಾಡ್ ಮೇಲೆ, ಗುರುತಿಗೆ ನೆಟ್ಟಗೆ 90 ಡಿಗ್ರಿ. ಸ್ಕೇಲನ್ನು ಗುರುತಿನ ತಳದ ಮಟ್ಟದಲ್ಲಿ ಇಡಬೇಕು, ಅಂಚಿನ ಮೇಲಿಟ್ಟರೆ ಅಳತೆ ತಪ್ಪುತ್ತದೆ. ಸ್ಕೇಲ್ ಇಲ್ಲದೆ ಒಂದು, ಇಟ್ಟು ಒಂದು, ಆಮೇಲೆ ಓರೆ ಬೆಳಕನ್ನು ನಾಲ್ಕು ದಿಕ್ಕಿನಿಂದ ಬಿಟ್ಟು ನಾಲ್ಕು.

ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗಿಂತ ಡೆಂಟಲ್ ಸ್ಟೋನ್ (ಹಲ್ಲಿನ ಅಚ್ಚಿಗೆ ಬಳಸುವ ಪುಡಿ) ಗಟ್ಟಿ, ಸೂಕ್ಷ್ಮ ಗೆರೆಯೂ ಮೂಡುತ್ತದೆ. ಸುಮಾರು 900 ಗ್ರಾಂ ಪುಡಿಗೆ 300 ಮಿ.ಲೀ. ನೀರು, ಜಿಪ್ ಕವರಿನಲ್ಲೇ ಹಿಸುಕಿ ಕಲಸಿ, ದೋಸೆ ಹಿಟ್ಟಿನ ಹದ. ಗುರುತಿನ ಮೇಲೆ ನೇರ ಸುರಿದರೆ ಕೆಸರು ಕದಡುತ್ತದೆ, ಪಕ್ಕದಲ್ಲಿ ಸುರಿದು ತಾನಾಗಿ ಒಳಗೆ ಹರಿಯಲು ಬಿಡಿ. ಗುರುತಿನಲ್ಲಿ ನೀರು ನಿಂತಿದ್ದರೆ ಪಿಪೆಟ್‌ನಿಂದ ಮೆಲ್ಲಗೆ ಹೀರಿ ತೆಗೆಯಿರಿ. ಪೂರ್ತಿ ಬರದಿದ್ದರೆ ಒಣ ಪುಡಿಯನ್ನು ಜರಡಿ ಹಿಡಿದು ಮೇಲೆ ಉದುರಿಸಿ, ಆಮೇಲೆ ಕಲಸಿದ್ದನ್ನು ಬಿಡಿ. ಹಸಿಯಿರುವಾಗಲೇ ಬೆನ್ನಿನ ಮೇಲೆ ಕಡ್ಡಿಯಿಂದ ಕ್ರಮಸಂಖ್ಯೆ, ದಿನಾಂಕ, ಉತ್ತರ ದಿಕ್ಕಿನ ಬಾಣ ಗೀರಿ. ಬಿಸಿಲಿನಲ್ಲಿ ಅರ್ಧ ಗಂಟೆಗೆ ಎತ್ತಬಹುದು, ಆ ಹವೆಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಯಿರಿ. ಅಂಟಿದ ಮಣ್ಣನ್ನು ಅಲ್ಲೇ ಉಜ್ಜಬೇಡಿ. ಎರಡು ದಿನ ಒಣಗಿದ ಮೇಲೆ ತೊಳೆಯುವುದು, ಅದೂ ಲ್ಯಾಬಿನವರ ಕೆಲಸ. ಗುರುತಿನ ಪಕ್ಕದ ಮಣ್ಣನ್ನೂ ಸ್ವಲ್ಪ ತೆಗೆದಿಡಿ, ಆರೋಪಿಯ ಚಪ್ಪಲಿಯ ಮಣ್ಣಿನ ಜೊತೆ ಹೋಲಿಸಲು ಬೇಕಾಗುತ್ತದೆ.

---

ಹ್ಯಾಶ್_256

ಡಿವಿಆರ್ ಬಗ್ಗೆ. ಬರೀ ಪೆನ್‌ಡ್ರೈವ್ ಸಾಲದು. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡದ್ದಂತೂ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಮೊದಲ ಕೆಲಸ, ಡಿವಿಆರ್ ಗಡಿಯಾರವನ್ನು ನಿಮ್ಮ ಮೊಬೈಲಿನ ನೆಟ್‌ವರ್ಕ್ ಸಮಯದ ಪಕ್ಕದಲ್ಲಿ ಹಿಡಿದು ಒಂದೇ ಫೋಟೊದಲ್ಲಿ ತೆಗೆಯಿರಿ. "ಡಿವಿಆರ್ 17 ನಿಮಿಷ ಮುಂದಿದೆ" ಎಂದು ಮಹಜರಿನಲ್ಲಿ ಬರೆಯಿರಿ. ಇದೊಂದು ಸಾಲು ಬಿಟ್ಟುಹೋದರೆ ಕರೆ ವಿವರಕ್ಕೂ ಫೂಟೇಜಿಗೂ ತಾಳೆ ಸಿಗದೆ ಒದ್ದಾಡಬೇಕಾಗುತ್ತದೆ. ಗಡಿಯಾರವನ್ನು ಸರಿಮಾಡಲು ಹೋಗಬೇಡಿ.

ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ, ಆದ್ದರಿಂದ ಮೊದಲ ದಿನವೇ ಮುಗಿಸಬೇಕು. ಕೊಲೆ ನಡೆದ ಮನೆಯದೇ ಡಿವಿಆರ್ ಆದ್ದರಿಂದ ಯಂತ್ರವನ್ನೇ ಜಪ್ತಿ ಮಾಡುವುದು ಲೇಸು: ಮೇಕ್, ಮಾಡೆಲ್, ಸೀರಿಯಲ್ ಸಂಖ್ಯೆ, ಒಳಗಿನ ಹಾರ್ಡ್‌ಡಿಸ್ಕಿನ ಸೀರಿಯಲ್ ಸಂಖ್ಯೆ, ಪಾಸ್‌ವರ್ಡ್, ಎಷ್ಟು ಕ್ಯಾಮೆರಾ, ಯಾವುದು ಎಲ್ಲಿಗೆ ಮುಖ ಮಾಡಿದೆ. ಪಕ್ಕದ ಅಂಗಡಿಯ ಯಂತ್ರ ತರಲಾಗದಿದ್ದರೆ ಅದರ ಮೂಲ ಫಾರ್ಮ್ಯಾಟಿನಲ್ಲೇ, ಪ್ಲೇಯರ್ ಸಮೇತ ಹೊಸ ಡ್ರೈವಿಗೆ ಇಳಿಸಿ, ಅಲ್ಲೇ ಹ್ಯಾಶ್ ಮೌಲ್ಯ ತೆಗೆದು ಮಹಜರಿನಲ್ಲಿ ಅಕ್ಷರ ಅಕ್ಷರ ಬರೆಯಿರಿ. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ, ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುತ್ತದೆ.

ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ನೇ ಕಲಂ ಪ್ರಮಾಣಪತ್ರ. ಅದರಲ್ಲಿ ಎರಡು ಭಾಗ: ಒಂದನ್ನು ಸಾಧನದ ಉಸ್ತುವಾರಿಯಲ್ಲಿರುವವರು, ಇನ್ನೊಂದನ್ನು ತಜ್ಞರು ತುಂಬಬೇಕು, ಹ್ಯಾಶ್ ಮೌಲ್ಯ ಎರಡರಲ್ಲೂ ಬರುತ್ತದೆ. ನಕಲನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಕಾಲದಲ್ಲೇ, 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅಂಗಡಿಯವರ ಸಹಿಯನ್ನು ಅಂದೇ ತೆಗೆದುಕೊಳ್ಳಿ. ಆರು ತಿಂಗಳ ಮೇಲೆ ಹೋದರೆ ಅಂಗಡಿ ಕೈಬದಲಾಗಿರುತ್ತದೆ, ಡಿವಿಆರ್ ಗುಜರಿಗೆ ಹೋಗಿರುತ್ತದೆ.

ಸತ್ತವರ ಮೊಬೈಲ್ ಸಿಕ್ಕರೆ: ಆನ್ ಇದ್ದರೆ ಆಫ್ ಮಾಡಬೇಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಸಿಗ್ನಲ್ ತಡೆಯುವ ಫ್ಯಾರಡೇ ಚೀಲದಲ್ಲಿ ಪವರ್ ಬ್ಯಾಂಕ್ ಸಮೇತ ಇಡಿ. ಒಮ್ಮೆ ಆಫ್ ಆದರೆ ಪಾಸ್‌ವರ್ಡ್ ಇಲ್ಲದೆ ಒಳಗಿನ ಗೂಢಲಿಪಿ ಬಿಡಿಸುವುದು ಬಹಳ ಕಷ್ಟ. ಆಫ್ ಇದ್ದರೆ ಹಾಗೇ ಇರಲಿ.

---

ಲ್ಯಾಬ್_ಮೇಜು

ಸೆಷನ್ಸ್_ಹಾಲ್ ಅವರ ಎರಡು ಹಂತಕ್ಕೆ ಒಂದು ಸಣ್ಣ ಸೇರ್ಪಡೆ. ಟವೆಲ್ಲನ್ನು ಮೊದಲು ಹಾಕಿದ ಕಾಗದದ ಚೀಲವನ್ನು ಎಸೆಯಬೇಡಿ. ಅದಕ್ಕೂ ರಕ್ತ ತಾಗಿರುತ್ತದೆ, ಎಳೆ ಉದುರಿರುತ್ತದೆ, ಪಂಚರ ಮೊದಲ ಸಹಿಯೂ ಅದರ ಮೇಲೆಯೇ ಇರುತ್ತದೆ. ಅದನ್ನೂ ಒಣಗಿಸಿ, ಮಡಿಸಿ, ಬೇರೆ ಕವರಿನಲ್ಲಿ ಹಾಕಿ ಅದೇ ಕ್ರಮಸಂಖ್ಯೆಗೆ "ಎ" ಸೇರಿಸಿ ಕಳಿಸಿ. ಸ್ಟೇಪ್ಲರ್ ಪಿನ್ ಹೊಡೆಯಬೇಡಿ, ಬಿಚ್ಚುವಾಗ ಕೈಗವಸು ಹರಿಯುತ್ತದೆ. ಕಡ್ಡಿ ಇಟ್ಟ ಲಕೋಟೆಗೆ ಎಂಜಲು ಹಚ್ಚಿ ಅಂಟಿಸುವವರೂ ಇದ್ದಾರೆ. ಅಂಟಿಸಿದವರ ಡಿಎನ್‌ಎ ಆ ಲಕೋಟೆಗೆ ಸೇರಿಬಿಡುತ್ತದೆ. ಟೇಪನ್ನೇ ಬಳಸಿ.