ತಮ್ಮನನ್ನು ಊರಿನ ಸಭೆಗೆ ಯಾರೂ ಕರೆಯುವುದಿಲ್ಲ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ನನ್ನ ತಮ್ಮನಿಗೆ 26 ವರ್ಷ. ಬೆನ್ನುಹುರಿಗೆ ಪೆಟ್ಟಾದ ಮೇಲೆ ವೀಲ್‌ಚೇರ್‌ನಲ್ಲೇ ಓಡಾಡುತ್ತಾನೆ. ನಮ್ಮದು ಸಣ್ಣ ಹಳ್ಳಿ, ಜನ ಕೆಟ್ಟವರಲ್ಲ, ಕಷ್ಟ ಅಂದರೆ ಓಡಿ ಬರುತ್ತಾರೆ. ಆದರೆ ಮನೆಗೆ ಬಂದವರು ಅವನ ಎದುರಿಗೇ ನನ್ನನ್ನು ಕೇಳುತ್ತಾರೆ, "ಇವನು ಈಗ ಹೇಗಿದ್ದಾನೆ?" ಅಂತ. ಅವನು ಅಲ್ಲೇ ಕೂತಿರುತ್ತಾನೆ! ಸಭೆಗೂ ಕರೆಯುವುದಿಲ್ಲ, ಮದುವೆಗೂ ಕರೆಯುವುದಿಲ್ಲ, "ಪಾಪ, ಅವನಿಗ್ಯಾಕೆ ತೊಂದರೆ" ಅನ್ನುತ್ತಾರೆ. ಸಭೆ ನಡೆಯುವ ಕಟ್ಟಡಕ್ಕೆ ರ‍್ಯಾಂಪ್ ಹಾಕಿಸಿದರೆ ಸರಿಹೋಗುತ್ತದಾ?

ಉತ್ತರ 1:
ನಾನೂ ವೀಲ್‌ಚೇರ್ ಬಳಸುವವಳು. ರ‍್ಯಾಂಪ್ ಬೇಕೇ ಬೇಕು, ಆದರೆ ಅಳತೆ ನೋಡಿ ಹಾಕಿಸಿ. 1 ಅಡಿ ಎತ್ತರಕ್ಕೆ ಕಡಿಮೆ ಅಂದರೂ 12 ಅಡಿ ಉದ್ದ ಬೇಕು. ನಮ್ಮಲ್ಲಿ ಜಾಗ ಇಲ್ಲ ಅಂತ 4 ಅಡಿಯಲ್ಲೇ ಮುಗಿಸಿದ್ದರು, ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚಿಕೊಳ್ಳುವ ಹಾಗಾಗುತ್ತಿತ್ತು, ಇಬ್ಬರು ಹಿಡಿದು ತಳ್ಳಬೇಕಿತ್ತು, ಹಾಗಾದರೆ ಮೆಟ್ಟಿಲೇ ಸಾಕಿತ್ತಲ್ವಾ? ಮನೆಯಿಂದ ಅಲ್ಲಿಯವರೆಗಿನ ದಾರಿಯನ್ನೂ ನೋಡಿ. ಮಣ್ಣಿನ ದಾರಿಯಲ್ಲಿ ಮುಂದಿನ ಸಣ್ಣ ಚಕ್ರಗಳು ಹೂತುಹೋಗುತ್ತವೆ. ಆಮೇಲೆ ಶೌಚಾಲಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿನ ಬಾಗಿಲಲ್ಲಿ ನನ್ನ ಕುರ್ಚಿ ಹಿಡಿಸುತ್ತಿರಲಿಲ್ಲ, ಅದಕ್ಕೇ ಸಭೆ ಇದ್ದ ದಿನ ಬೆಳಗ್ಗೆಯಿಂದ ನೀರೇ ಕುಡಿಯದೆ ಹೋಗುತ್ತಿದ್ದೆ. ಕೊನೆಗೆ ಹೋಗುವುದನ್ನೇ ಬಿಟ್ಟೆ.

ಉತ್ತರ 2:
ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಅವಳಿಗೆ ಕಟ್ಟಡದಲ್ಲಿ ಯಾವ ಅಡ್ಡಿಯೂ ಇಲ್ಲ, ಒಳಗೆ ಹೋಗಿ ಕೂರುತ್ತಾಳೆ. ಆದರೆ ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ತುಟಿ ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ. ಪಕ್ಕದವರನ್ನು ಕೇಳಿದರೆ "ಆಮೇಲೆ ಹೇಳ್ತೀನಿ" ಅನ್ನುತ್ತಾರೆ, ಆ ಆಮೇಲೆ ಬರುವುದೇ ಇಲ್ಲ. ಈಗ ಒಬ್ಬರಾದ ಮೇಲೆ ಒಬ್ಬರು, ಬೆಳಕು ಮುಖಕ್ಕೆ ಬೀಳುವ ಹಾಗೆ ಕೂತು ಮಾತಾಡಿ ಅಂತ ಕೇಳಿಕೊಂಡಿದ್ದೇವೆ. ಅರ್ಧ ಜನ ಮರೆಯುತ್ತಾರೆ, ಮತ್ತೆ ನೆನಪಿಸುತ್ತೇವೆ.

ಉತ್ತರ 3:
ಹಳ್ಳಿಗಳಲ್ಲಿ ಅಂಗವಿಕಲರ ಜೊತೆ ಕೆಲಸ ಮಾಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದ ಸುಮಾರು 6 ಜನರಲ್ಲಿ ಒಬ್ಬರಿಗೆ ಗಣನೀಯ ಅಂಗವೈಕಲ್ಯ ಇದೆ. ಅಂದರೆ ನಿಮ್ಮ ಊರಲ್ಲೂ ತಮ್ಮ ಒಬ್ಬನೇ ಇರಲಾರ, ಉಳಿದವರು ಮನೆಯೊಳಗಿದ್ದಾರೆ ಅಷ್ಟೇ. ಅವರನ್ನು ಹುಡುಕಿ, ನಾಲ್ಕು ಜನ ಸೇರಿ ಕೇಳಿದರೆ ಊರಿನವರೂ ಕಿವಿಗೊಡುತ್ತಾರೆ. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ಆದ ವಿಶ್ವಸಂಸ್ಥೆ ಒಪ್ಪಂದದ 19ನೇ ವಿಧಿ ಹೇಳುವುದೂ ಇದನ್ನೇ, ಎಲ್ಲರ ಹಾಗೆ ಊರಿನ ನಡುವೆ ಬದುಕುವುದು ಅವರ ಹಕ್ಕು. ಅದಕ್ಕೆ ಯಾರ ಕರುಣೆಯೂ ಬೇಕಿಲ್ಲ.

ಒಂದು ಮಾತು, ಬೇಜಾರಾಗಬೇಡಿ. ಇಷ್ಟೆಲ್ಲ ಬರೆದಿದ್ದೀರಿ, ತಮ್ಮನಿಗೆ ಏನು ಬೇಕು ಅಂತ ಎಲ್ಲೂ ಬರೆದಿಲ್ಲ. ಕೇಳಿದ್ದೀರಾ?

ಪ್ರಶ್ನೆ ಕೇಳಿದವರು:
ಕೇಳಿರಲಿಲ್ಲ. ನಿನ್ನೆ ರಾತ್ರಿ ಕೇಳಿದೆ. ಸಭೆ ಆಮೇಲೆ ನೋಡೋಣ, ಮೊದಲು ಸಂಜೆ ಗೆಳೆಯರು ಆಡುವ ಮೈದಾನಕ್ಕೆ ಹೋಗಬೇಕು ಅಂದ. ಎರಡು ವರ್ಷದಿಂದ ಹೋಗಿಲ್ಲವಂತೆ, ದಾರಿಯಲ್ಲಿ ಒಂದು ಕಾಲುವೆ ದಾಟಬೇಕು, ಅಷ್ಟೇ ಅಡ್ಡಿ. ಭಾನುವಾರ ಅವನ ಗೆಳೆಯರಿಬ್ಬರ ಜೊತೆ ಅಳತೆ ತೆಗೆಯಲು ಹೋಗುತ್ತಿದ್ದೇವೆ. ಟೇಪು ಅವನೇ ಹಿಡಿಯುತ್ತಾನಂತೆ.