ಪದ ಬೇಕು: ‘ಬಿಸಿನೆಸ್ ಇಂಟೆಲಿಜೆನ್ಸ್ ಕನ್ಸಲ್ಟೆಂಟ್’ಗೆ ಕನ್ನಡದಲ್ಲಿ ಏನು?

ಕೋಲಾರದಿಂದ:
ಎಲ್ಲರಿಗೂ ನಮಸ್ಕಾರ. ಟೊಮೆಟೊ ಬೆಳೆಗಾರರ ಸಂಘವೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ನಮ್ಮ ಮಾರಾಟದ ಅಂಕಿಗಳನ್ನೆಲ್ಲ ಒಂದು ಕಡೆ ಕೂಡಿಸಿ, ಯಾವ ವಾರ ಯಾವ ಊರಿಗೆ ಲೋಡ್ ಕಳಿಸಿದರೆ ಗಿಟ್ಟುತ್ತದೆ ಅಂತ ತೋರಿಸಲು ಬೆಂಗಳೂರಿನಿಂದ ಕನ್ಸಲ್ಟೆಂಟ್ ಬರುತ್ತಿದ್ದಾರೆ. ಕರಾರು ಪತ್ರ ಕನ್ನಡದಲ್ಲೇ ಇರಬೇಕು ಅಂತ ನಿರ್ದೇಶಕರ ಹಠ. ನಾಳೆ ಮಧ್ಯಾಹ್ನ ಸಹಿ. ಕಂಪ್ಯೂಟರ್ ಅನುವಾದ ‘ವ್ಯಾಪಾರ ಬುದ್ಧಿಮತ್ತೆ ಸಮಾಲೋಚಕ’ ಎಂದು ಕೊಟ್ಟಿತು. ಓದಿದ ಗುಮಾಸ್ತರು, ‘ಬುದ್ಧಿ ಕಡಿಮೆ ಇರೋದು ಯಾರಿಗಂತೆ?’ ಅಂತ ಕೇಳಿದರು.

ತುಮಕೂರಿನಿಂದ:
‘ಬುದ್ಧಿಮತ್ತೆ’ ಖಂಡಿತ ತಪ್ಪು. ಇಲ್ಲಿ ಇಂಟೆಲಿಜೆನ್ಸ್ ಅಂದರೆ ಸುದ್ದಿ, ಸುಳಿವು. ಸೈನ್ಯದವರು ಬಳಸುವ ಅರ್ಥ. 1865ರಲ್ಲಿ ಅಮೆರಿಕದ ಲೇಖಕ ರಿಚರ್ಡ್ ಡೆವೆನ್ಸ್ ಈ ಜೋಡಿಪದ ಬಳಸಿದ್ದು, ಬೇರೆಯವರಿಗಿಂತ ಮೊದಲೇ ಸುದ್ದಿ ತರಿಸಿಕೊಂಡು ಲಾಭ ಮಾಡಿದ ಲಂಡನ್ನಿನ ಬ್ಯಾಂಕರ್ ಒಬ್ಬನ ಬಗ್ಗೆ ಬರೆಯುವಾಗ. 1958ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂನ ಸಂಶೋಧಕ ಲೂನ್ ಅದನ್ನು ಯಂತ್ರದ ಕೆಲಸಕ್ಕೆ ತಂದರು. ಹಾಗಾಗಿ ‘ವಹಿವಾಟು ಸುಳಿವು’ ಅನ್ನಿ. ಕನ್ಸಲ್ಟೆಂಟ್‌ಗೆ ‘ಸಲಹೆಗಾರ’ ಇದೆಯಲ್ಲ. ಸಲಹು, ಅದರಿಂದ ಸಲಹೆ. ಕಾಪಾಡುವ ಮಾತು. ಅಚ್ಚಗನ್ನಡ.

ಮುಳಬಾಗಿಲಿನಿಂದ:
ಸಲಹುವುದಕ್ಕೂ ಸಲಹೆಗೂ ಯಾವ ನಂಟೂ ಇಲ್ಲ. ಸಲಹೆ ಅರಬ್ಬಿಯ ‘ಸಲಾಹ್’, ಹಿಂದೂಸ್ತಾನಿ ದಾರಿಯಲ್ಲಿ ಬಂದದ್ದು. ವಹಿವಾಟು ಮರಾಠಿಯದು. ಬಂದರೇನಾಯ್ತು? ಹರಾಜು, ರಸೀದಿ, ವಸೂಲಿ, ಖರ್ಚು ಎಲ್ಲವೂ ಹೊರಗಿನವೇ. ಇವನ್ನು ತೆಗೆದುಬಿಟ್ಟರೆ ನಮ್ಮ ಮಂಡಿಯಲ್ಲಿ ಒಂದು ಚೀಟಿ ಬರೆಯೋಕೂ ಆಗಲ್ಲ. ಕನ್ಸಲ್ಟೆಂಟ್ ಅಂತಲೇ ಬರೆಯಿರಿ.

ತುಮಕೂರಿನಿಂದ:
ನಿಮ್ಮ ಮಾತು ಒಪ್ಪಲಾರೆ. ಹಳೆಯ ಸಾಲ ಇದೆ ಅಂತ ದಿನಾ ಹೊಸ ಸಾಲ ಮಾಡಬೇಕಾ? ಸಲಹೆ ಬೇಡವಾದರೆ ‘ಅರಿವಾಳಿ’ ಅನ್ನಿ. ಮಾತಾಳಿ, ಓದಾಳಿ ಇಲ್ಲವೇ?

ಮುಳಬಾಗಿಲಿನಿಂದ:
ಅರಿವಾಳಿಗೆ ಚೆಕ್ ಬರೆದರೆ ಬ್ಯಾಂಕಿನವರು ಯಾರಿಗೆ ದುಡ್ಡು ಕೊಡಬೇಕು, ಹೇಳಿ.

ಚಿಂತಾಮಣಿಯಿಂದ:
ಜಗಳ ಆಮೇಲೆ ಮಾಡೋಣ. ಅವರಿಗೆ ನಾಳೆ ಸಹಿ ಇದೆ. ನಮ್ಮ ಕಡೆ ಇಂಥದ್ದೇ ಕೆಲಸ ಕೆಟ್ಟದ್ದು ‘ಆವಕ’ (ಮಂಡಿಗೆ ಬಂದ ಮಾಲು) ಅನ್ನುವ ಒಂದು ಪದದಿಂದ. ನಮ್ಮ ಗುಮಾಸ್ತರಿಗೆ ಆವಕ ಅಂದರೆ ಗೇಟಿನ ಪುಸ್ತಕದಲ್ಲಿ ಬರೆದ ಬಾಕ್ಸ್, ಒಂದೊಂದು 15 ಕೆ.ಜಿ. ಬಂದ ಕನ್ಸಲ್ಟೆಂಟ್ ಹುಡುಗ ಹರಾಜಿನ ಚೀಟಿಗಳನ್ನು ಎಣಿಸಿದ. ಸಂಜೆ ಮಾರಾಟವಾಗದೆ ಉಳಿದ ಬಾಕ್ಸು ಮಾರನೇ ಬೆಳಗ್ಗೆ ಮತ್ತೆ ಹರಾಜಿಗೆ ನಿಂತಿತ್ತು. ಎರಡು ಸಲ ಲೆಕ್ಕಕ್ಕೆ ಬಂತು. ಗೇಟಲ್ಲಿ ಬಂದಿದ್ದಕ್ಕಿಂತ ಪರದೆಯ ಮೇಲೆ ಜಾಸ್ತಿ ಟೊಮೆಟೊ! ಎರಡು ತಿಂಗಳ ಕೆಲಸ ಮೊದಲಿನಿಂದ ಮಾಡಬೇಕಾಯಿತು. ಹುಡುಗನದು ತಪ್ಪಲ್ಲ, ಅವನನ್ನು ಯಾರೂ ಒಂದು ದಿನವೂ ಗೇಟಿನ ಹತ್ತಿರ ಕೂರಿಸಿರಲಿಲ್ಲ.

ಅದಕ್ಕೆ ನಿಮ್ಮ ಕರಾರಿನ ಕೊನೆಗೆ ಒಂದು ಪುಟ ಸೇರಿಸಿ. ಆವಕ, ಲೋಡ್, ಕಮಿಷನ್, ಉಳಿದ ಮಾಲು, ಒಂದೊಂದಕ್ಕೂ ನಿಮ್ಮಲ್ಲಿ ಏನರ್ಥ ಅಂತ ಬರೆದು ಇಬ್ಬರೂ ಸಹಿ ಹಾಕಿ. ನಿಮ್ಮವರೇ ಒಬ್ಬರು ದಿನಾ ಕನ್ಸಲ್ಟೆಂಟ್ ಪಕ್ಕ ಕೂತು ಕಲಿಯಲಿ. ಇಲ್ಲದಿದ್ದರೆ ಅವರು ಹೋದ ಮೇಲೆ ಒಂದು ಕಾಲಂ ಬದಲಾಯಿಸೋಕೂ ಮತ್ತೆ ಅವರಿಗೇ ಫೋನ್ ಮಾಡಬೇಕು. ಹೆಸರಿಗೆ ‘ಸಲಹೆಗಾರ’ ಸಾಕು, ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕೋಲಾರದಿಂದ:
ತುಂಬಾ ಉಪಕಾರವಾಯ್ತು. ‘ವಹಿವಾಟು ಮಾಹಿತಿ ಸಲಹೆಗಾರರು’ ಅಂತ ಹಾಕುತ್ತಿದ್ದೇನೆ. ‘ಸುಳಿವು’ ನನಗೆ ಇಷ್ಟವಾಯಿತು, ಆದರೆ ನಿರ್ದೇಶಕರು ಕಳ್ಳತನದ ಕೇಸು ಅಂದುಕೊಂಡಾರು. ಪದಗಳ ಪುಟ ಈಗಲೇ ಬರೆಯಲು ಕೂತೆ. ಒಂದು ಕಡೆ ನಿಂತಿದ್ದೇನೆ: ಹರಾಜಾಗದೆ ಉಳಿದದ್ದಕ್ಕೆ ‘ಉಳಿಕೆ’ ಅನ್ನಲೋ, ‘ಮಿಕ್ಕ ಮಾಲು’ ಅನ್ನಲೋ? ಲೆಕ್ಕದ ಪುಸ್ತಕದಲ್ಲಿ ಉಳಿಕೆ ಅಂದರೆ ದುಡ್ಡು. ಬೆಳಗ್ಗೆ ಹತ್ತರೊಳಗೆ ಹೇಳಿ.