ಸುಂಕ ಸೊನ್ನೆಯಾದ ಮೇಲೂ ಗಡಿಯಲ್ಲಿ ಲಾರಿ ಯಾಕೆ ನಿಲ್ಲುತ್ತದೆ? ಬ್ರೆಕ್ಸಿಟ್ ಮತ್ತು ಕಸ್ಟಮ್ಸ್ ಯೂನಿಯನ್

ತುಂಗಾತೀರ (ಪ್ರಶ್ನೆ):

2021ರ ಜನವರಿ 1ರಿಂದ ನಡೆಯುತ್ತಿರುವ ಬ್ರಿಟನ್–ಐರೋಪ್ಯ ಒಕ್ಕೂಟದ ವ್ಯಾಪಾರ ಒಪ್ಪಂದದಲ್ಲಿ ಸುಂಕವೂ ಇಲ್ಲ, ಕೋಟಾವೂ ಇಲ್ಲ ಅಂತ ಎಲ್ಲ ಕಡೆ ಓದುತ್ತೇವೆ. ಹಾಗಿದ್ದರೆ ಇಂಗ್ಲೆಂಡಿನ ಡೋವರ್, ಫ್ರಾನ್ಸಿನ ಕ್ಯಾಲೆ ಬಂದರುಗಳಲ್ಲಿ ಇಷ್ಟೊಂದು ಕಾಗದಪತ್ರ ಯಾಕೆ? ಕಸ್ಟಮ್ಸ್ ಯೂನಿಯನ್‌ಗೆ ವಾಪಸ್ ಸೇರೋಣ ಎನ್ನುವವರು ಅಲ್ಲಿ ಈಗಲೂ ಇದ್ದಾರೆ. ಸೇರಿದರೆ ನಿಜಕ್ಕೂ ಯಾವ ಕಾಗದ ತಪ್ಪುತ್ತದೆ, ಯಾವುದು ಉಳಿಯುತ್ತದೆ?

ಇನ್ನೊಂದು ಪ್ರಶ್ನೆ: ನಷ್ಟದ ಲೆಕ್ಕವನ್ನು ಅಷ್ಟು ಜೋರಾಗಿ ಮುಂದಿಟ್ಟರೂ 2016ರಲ್ಲಿ ಮತದಾರರು ಯಾಕೆ ಕಿವಿಗೊಡಲಿಲ್ಲ? ಜನ ದಡ್ಡರು ಎಂಬ ಉತ್ತರ ಬೇಡ, ಅದನ್ನು ಬೇಕಾದಷ್ಟು ಕೇಳಿಯಾಗಿದೆ.

ಬಂದರುಲೆಕ್ಕ:

ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ಒಂದೇ ಅಂದುಕೊಳ್ಳುವುದರಿಂದಲೇ ಈ ಗೊಂದಲ. ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಎರಡೂ ಕಡೆಯವರು ಒಬ್ಬರ ಸರಕಿಗೆ ಇನ್ನೊಬ್ಬರು ಸುಂಕ ಬಿಡುತ್ತಾರೆ. ಹೊರಗಿನವರಿಗೆ ಎಷ್ಟು ಹಾಕಬೇಕು ಎಂಬುದು ಅವರವರಿಗೆ ಬಿಟ್ಟದ್ದು. ಕಸ್ಟಮ್ಸ್ ಯೂನಿಯನ್ ಆದರೆ ಹೊರಗಿನವರಿಗೂ ಎಲ್ಲರೂ ಒಂದೇ ದರ ಹಾಕಬೇಕು. ಏಕ ಮಾರುಕಟ್ಟೆಯ ವಿಷಯವೇ ಬೇರೆ: ಸರಕಿನ ಗುಣಮಟ್ಟ, ಆಹಾರ ಸುರಕ್ಷತೆ, ಸೇವೆಗಳು, ಜನರ ಓಡಾಟ ಎಲ್ಲಕ್ಕೂ ಒಂದೇ ಕಾನೂನು. ನಾರ್ವೆ ಏಕ ಮಾರುಕಟ್ಟೆಯಲ್ಲಿದೆ, ಕಸ್ಟಮ್ಸ್ ಯೂನಿಯನ್‌ನಲ್ಲಿಲ್ಲ. ಟರ್ಕಿ ಇದಕ್ಕೆ ತದ್ವಿರುದ್ಧ. ಬ್ರಿಟನ್ ಎರಡರಿಂದಲೂ ಹೊರಗೆ.

ಈಗಿನ ಒಪ್ಪಂದದಲ್ಲಿ ಸುಂಕ ಬಿಡುವುದು ಬ್ರಿಟನ್ ಮೂಲದ್ದೆಂದು ತೋರಿಸಬಲ್ಲ ಸರಕಿಗೆ ಮಾತ್ರ. ಅಲ್ಲಿಂದ ಹೊರಟಿತು ಎಂದ ಮಾತ್ರಕ್ಕೆ ಅದು ಅಲ್ಲಿನದ್ದಾಗುವುದಿಲ್ಲ. ಅಂಗಿಯನ್ನೇ ತೆಗೆದುಕೊಳ್ಳಿ. ಭಾರತದಲ್ಲಿ ನೇಯ್ದ ಬಟ್ಟೆ ತರಿಸಿ, ಲೆಸ್ಟರ್‌ನಲ್ಲಿ ಕತ್ತರಿಸಿ, ಹೊಲಿದು, ಗುಂಡಿ ಹಾಕಿ ಪ್ಯಾರಿಸ್‌ಗೆ ಕಳಿಸಿದರೂ ಅದು ಬ್ರಿಟನ್ ಮೂಲದ ಅಂಗಿಯಲ್ಲ. ನೇಯ್ಗೆ ಮತ್ತು ಹೊಲಿಗೆ ಎರಡೂ ಬ್ರಿಟನ್ ಅಥವಾ ಒಕ್ಕೂಟದೊಳಗೆ ಆಗಿರಬೇಕು ಎಂಬುದು ನಿಯಮ. ಆಗಿಲ್ಲವೆಂದರೆ ಒಕ್ಕೂಟದ ಸಾಮಾನ್ಯ ದರ ಶೇ 12 ಕಟ್ಟಲೇಬೇಕು. ಪೆಟ್ರೋಲ್ ಕಾರಿಗೆ ಇನ್ನೊಂದು ಅಳತೆ: ಹೊರಗಿನ ಬಿಡಿಭಾಗಗಳ ಮೌಲ್ಯ ಶೇ 45 ದಾಟಿದರೆ ಶೇ 10 ಸುಂಕ.

ಬೆಂಗಳೂರಿನ ಗಾರ್ಮೆಂಟ್ಸ್ ರಫ್ತುದಾರರು ಇದನ್ನು ಗಮನಿಸಬೇಕು. ಇಲ್ಲಿಂದ ಸಿದ್ಧ ಉಡುಪು ಇಂಗ್ಲೆಂಡಿನ ಗೋದಾಮಿಗೆ ಹೋಗಿ, ಅಲ್ಲಿ ಕಸ್ಟಮ್ಸ್ ಕ್ಲಿಯರ್ ಆಗಿ, ಅಲ್ಲಿಂದ ಒಕ್ಕೂಟದಲ್ಲಿರುವ ಐರ್ಲೆಂಡಿನ ಡಬ್ಲಿನ್ ಅಂಗಡಿಗೆ ಹೋದರೆ ಗಡಿಯಲ್ಲಿ ಮತ್ತೆ ಸುಂಕ ಬೀಳುತ್ತದೆ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ಒಪ್ಪಂದದ ರಿಯಾಯಿತಿ ಬ್ರಿಟನ್ನಿಗೆ ಮಾತ್ರ ಸೀಮಿತ, ಐರಿಷ್ ಸಮುದ್ರ ದಾಟುವಾಗ ಅದು ಉಪಯೋಗಕ್ಕೆ ಬಾರದು. ದಾರಿ ಎರಡು: ಒಕ್ಕೂಟದ ಪಾಲನ್ನು ಮೊದಲೇ ಬೇರೆ ಕಂಟೇನರ್‌ನಲ್ಲಿ ನೇರ ಕಳಿಸುವುದು, ಇಲ್ಲವೇ ಬ್ರಿಟನ್‌ನಲ್ಲಿ ಕ್ಲಿಯರ್ ಮಾಡಿಸದೆ ಬಾಂಡೆಡ್ ಗೋದಾಮಿನಲ್ಲಿಟ್ಟು (ಅಲ್ಲಿರುವಷ್ಟು ದಿನ ಸುಂಕ ಕಟ್ಟಬೇಕಿಲ್ಲ) ಟಿ1 ಎಂಬ ಟ್ರಾನ್ಸಿಟ್ ದಾಖಲೆಯ ಮೇಲೆ ಮುಂದಕ್ಕೆ ಸಾಗಿಸುವುದು.

ಇನ್ನು ಸಾಮಾನ್ಯ ಲಾರಿ ಲೋಡಿನ ಕ್ರಮ. ಮೊದಲು ಜಿಬಿ ಎಂದು ಶುರುವಾಗುವ ಇಓಆರ್‌ಐ ನೋಂದಣಿ ಸಂಖ್ಯೆ. ಆಮೇಲೆ ಪ್ರತಿ ವಸ್ತುವಿಗೂ ಸರಿಯಾದ ಕಮಾಡಿಟಿ ಕೋಡ್, ಅಂದರೆ ಸರಕಿನ ವರ್ಗ ತಿಳಿಸುವ ಸಂಖ್ಯೆ. ಮೂಲದ ನಿಯಮ ಈ ಕೋಡ್‌ಗೇ ಅಂಟಿಕೊಂಡಿರುವುದರಿಂದ ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಇನ್ವಾಯ್ಸ್ ಮೇಲೆ ಒಪ್ಪಂದದಲ್ಲಿ ಕೊಟ್ಟಿರುವ ಮೂಲ ಘೋಷಣೆಯ ಒಕ್ಕಣೆಯನ್ನು ಇದ್ದ ಹಾಗೇ ಬರೆಯಬೇಕು. ಅದಕ್ಕೆ ಆಧಾರವಾದ ಕಾಗದಗಳನ್ನು ರಫ್ತುದಾರ ನಾಲ್ಕು ವರ್ಷ ಇಟ್ಟುಕೊಂಡಿರಬೇಕು. ಬ್ರಿಟನ್ ಕಡೆ ರಫ್ತು ಡಿಕ್ಲರೇಷನ್, ಫ್ರಾನ್ಸ್ ಕಡೆ ಆಮದು ಡಿಕ್ಲರೇಷನ್. ಫ್ರೆಂಚ್ ಡಿಕ್ಲರೇಷನ್ನಿನ ಬಾರ್‌ಕೋಡನ್ನು ಲಾರಿಯ ನಂಬರ್ ಪ್ಲೇಟಿಗೆ ಜೋಡಿಸುತ್ತಾರೆ; ಲಾರಿ ಇಂಗ್ಲಿಷ್ ಕಡಲ್ಗಾಲುವೆ ದಾಟುತ್ತಿರುವಾಗಲೇ ಹಸಿರೋ ಕಿತ್ತಳೆಯೋ ಎಂದು ತೀರ್ಮಾನವಾಗಿರುತ್ತದೆ. ಹಸಿರು ಬಂದರೆ ಸೀದಾ ಹೊರಗೆ, ಕಿತ್ತಳೆ ಬಂದರೆ ತಪಾಸಣೆ.

ಹೆಚ್ಚಾಗಿ ಎಡವುವುದು ಮಾರಾಟದ ಷರತ್ತಿನಲ್ಲಿ. ಡಿಡಿಪಿ (ಸುಂಕ, ತೆರಿಗೆ ಮಾರಾಟಗಾರನದೇ) ಎಂದು ಒಪ್ಪಿಕೊಂಡ ಬ್ರಿಟಿಷ್ ಮಾರಾಟಗಾರ ಒಕ್ಕೂಟದೊಳಗೆ ಆಮದುದಾರನ ಹೊಣೆ, ವ್ಯಾಟ್ ನೋಂದಣಿ ಎಲ್ಲ ತಾನೇ ಹೊರಬೇಕಾಗುತ್ತದೆ. ಡಿಎಪಿ (ಅವೆರಡೂ ಕೊಳ್ಳುವವನದು) ಎಂದು ಬರೆದರೆ ಗ್ರಾಹಕನ ಬಾಗಿಲಿಗೆ ಸರಕಿನ ಜೊತೆ ತೆರಿಗೆಯ ಬಿಲ್ಲೂ ಹೋಗುತ್ತದೆ. ಸಣ್ಣ ವ್ಯಾಪಾರಿಗಳು ಒಕ್ಕೂಟಕ್ಕೆ ಮಾರುವುದನ್ನು ಕೈಬಿಟ್ಟದ್ದಕ್ಕೆ ಇದೂ ಒಂದು ದೊಡ್ಡ ಕಾರಣ, ಆದರೆ ಚರ್ಚೆಯಲ್ಲಿ ಬರೀ ಸುಂಕದ ಮಾತೇ.

ಹಾಲುಮೊಸರು:

ಮೇಲಿನದಕ್ಕೆ ಒಂದು ಸೇರ್ಪಡೆ. ಕಸ್ಟಮ್ಸ್ ಯೂನಿಯನ್ ಸೇರಿದರೆ ಮೂಲದ ಪುರಾವೆಯ ಕಾಟ ಬಹುತೇಕ ತಪ್ಪುತ್ತದೆ, ನಿಜ. ಚೀಸ್, ಮಾಂಸ, ಮೀನಿನ ತಪಾಸಣೆ ಹಾಗೇ ಉಳಿಯುತ್ತದೆ, ಯಾಕೆಂದರೆ ಅದು ಆಹಾರ ಸುರಕ್ಷತೆಯ ಕಾನೂನಿಗೆ ಸೇರಿದ್ದು. ಇಂಗ್ಲೆಂಡಿನ ಒಂದು ಪ್ಯಾಲೆಟ್ ಚೀಸ್ ಫ್ರಾನ್ಸಿಗೆ ಹೋಗಲು ಅಧಿಕೃತ ಪಶುವೈದ್ಯರು ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ ಬೇಕು, ಒಕ್ಕೂಟದ ಟ್ರೇಸಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮುಂಗಡ ಸೂಚನೆ ಬೇಕು, ಗಡಿ ತಪಾಸಣಾ ಠಾಣೆಯ ಮೂಲಕವೇ ಒಳಗೆ ಹೋಗಬೇಕು. ಪ್ರಮಾಣಪತ್ರದಲ್ಲಿ ತಮಗೆ ಅನ್ವಯವಾಗದ ಸಾಲುಗಳನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ, ಮೊಹರು ಹಾಕಬೇಕು. ಒಂದು ಸಾಲು ಬಿಟ್ಟುಹೋದರೂ, ಕಂಟೇನರ್ ಸೀಲಿನ ಸಂಖ್ಯೆ ಒಂದಂಕಿ ತಪ್ಪಿದರೂ ಲಾರಿ ಅಲ್ಲೇ. ಹತ್ತು ಜನರ ಸರಕು ಒಂದೇ ಲಾರಿಯಲ್ಲಿದ್ದರೆ ಒಬ್ಬನ ಕಾಗದದ ತಪ್ಪಿಗೆ ಉಳಿದ ಒಂಬತ್ತು ಜನರ ಸರಕೂ ಕಾಯುತ್ತದೆ.

ಇದನ್ನು ಕಡಿಮೆ ಮಾಡಲು ಬೇಕಿರುವುದು ಆಹಾರ ಮತ್ತು ಸಸ್ಯ–ಪ್ರಾಣಿ ಆರೋಗ್ಯದ ಪ್ರತ್ಯೇಕ ಒಪ್ಪಂದ. ಅದರತ್ತ ಕೆಲಸ ಮಾಡಲು 2025ರ ಮೇ 19ರ ಲಂಡನ್ ಶೃಂಗಸಭೆಯಲ್ಲಿ ಎರಡೂ ಕಡೆ ಒಪ್ಪಿದವು. ಬದಲಿಗೆ ಬ್ರಿಟನ್ ಒಕ್ಕೂಟದ ಆಹಾರ ನಿಯಮ ಬದಲಾದ ಹಾಗೆ ತಾನೂ ಬದಲಾಗಬೇಕು.

ಟರ್ಕಿಯ ಉದಾಹರಣೆಯನ್ನು ಸರಿಯಾಗಿ ನೋಡಬೇಕು. 1996ರಿಂದ ಕೈಗಾರಿಕಾ ಸರಕಿಗೆ ಕಸ್ಟಮ್ಸ್ ಯೂನಿಯನ್ ಇದೆ, ಆದರೂ ಬಲ್ಗೇರಿಯಾ ಗಡಿಯ ಕಪಿಕುಲೆಯಲ್ಲಿ ಲಾರಿಗಳ ಸಾಲು ತಪ್ಪಿಲ್ಲ. ಡಿಕ್ಲರೇಷನ್ ಇದೆ, ಸರಕು ಸುಂಕವಿಲ್ಲದೆ ದಾಟಲು ಅರ್ಹ ಎಂದು ತೋರಿಸುವ ಎ.ಟಿಆರ್ ಪ್ರಮಾಣಪತ್ರ ಇದೆ, ಲಾರಿಗಳಿಗೆ ರಸ್ತೆ ಪರ್ಮಿಟ್ ಮಿತಿ ಇದೆ.

ಮತಪೆಟ್ಟಿಗೆ:

ಎರಡನೇ ಪ್ರಶ್ನೆಗೆ ಬರುತ್ತೇನೆ. 2016ರ ಜೂನ್ 23ರ ಮತಪತ್ರದಲ್ಲಿ ಇದ್ದದ್ದು ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಎಂಬುದಷ್ಟೇ. ಕಸ್ಟಮ್ಸ್ ಯೂನಿಯನ್, ಏಕ ಮಾರುಕಟ್ಟೆ ಎಂಬ ಪದಗಳೇ ಅದರಲ್ಲಿರಲಿಲ್ಲ. ಬಿಡಬೇಕು ಎಂದವರು ಶೇ 51.9. ಅವರಲ್ಲಿ ಯಾರು ಯಾವ ಬಗೆಯ ನಿರ್ಗಮನ ಬಯಸಿದ್ದರು ಎಂದು ಆ ಮತಪತ್ರದಿಂದ ಹೇಳಲಾಗದು.

ಆ ದಿನ ಮತ ಹಾಕಿದ 12,369 ಜನರನ್ನು, ಮತದಾರರ ಸಮೀಕ್ಷೆಗಳನ್ನು ನಡೆಸುವ ಲಾರ್ಡ್ ಆಶ್‌ಕ್ರಾಫ್ಟ್ ಅವರ ಸಮೀಕ್ಷೆ ಮಾತಾಡಿಸಿತ್ತು. ಬಿಡಬೇಕೆಂದವರಲ್ಲಿ ಶೇ 49 ಜನ ಕೊಟ್ಟ ಮುಖ್ಯ ಕಾರಣ: ಬ್ರಿಟನ್ನಿನ ತೀರ್ಮಾನ ಬ್ರಿಟನ್ನಿನಲ್ಲೇ ಆಗಬೇಕು. ಶೇ 33 ಜನರಿಗೆ ವಲಸೆ ಮತ್ತು ಗಡಿಯ ನಿಯಂತ್ರಣ. ಇವರಿಗೆ ಸುಂಕದ ಪಟ್ಟಿ ತೋರಿಸುವುದು ಅವರು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತೆ. ಒಕ್ಕೂಟಕ್ಕೆ ಕಾರು ರಫ್ತು ಮಾಡುವ ನಿಸ್ಸಾನ್ ಕಾರ್ಖಾನೆ ಇರುವ ಸಂಡರ್‌ಲ್ಯಾಂಡ್‌ನಲ್ಲೇ ಶೇ 61 ಜನ ಬಿಡಬೇಕೆಂದರು.

ಇದು ಎಡ–ಬಲದ ಹಳೆಯ ಗೆರೆಯ ಮೇಲೂ ನಿಂತಿರಲಿಲ್ಲ. ಆದಾಯಕ್ಕಿಂತ ವಯಸ್ಸು, ಓದು, ಸಾಮಾಜಿಕ ಶಿಸ್ತಿನ ಬಗೆಗಿನ ನಂಬಿಕೆ ಮತವನ್ನು ಚೆನ್ನಾಗಿ ಸೂಚಿಸುತ್ತಿದ್ದವು. ಮರಣದಂಡನೆ ಬೇಕೆನ್ನುವವರು ಬಿಡಬೇಕೆನ್ನುವ ಕಡೆ ವಾಲಿದ್ದು ಸಂಶೋಧಕರು ಪದೇ ಪದೇ ಕಂಡ ಸಂಗತಿ. ಆಮೇಲೆ ಲೀವ್ (ಬಿಡಬೇಕು), ರಿಮೇನ್ (ಉಳಿಯಬೇಕು) ಎಂಬುದೇ ಪಕ್ಷಕ್ಕಿಂತ ಗಟ್ಟಿಯಾದ ಗುರುತಾಯಿತು. ಆರ್ಥಿಕ ಸುದ್ದಿಯನ್ನೂ ಜನ ತಮ್ಮ ಕಡೆಯ ಕಣ್ಣಿಂದಲೇ ಓದತೊಡಗಿದರು.

ಅಂಕಿಗಳ ಮೇಲಿನ ನಂಬಿಕೆ ಕೆಡಿಸಿದ್ದು ಎರಡೂ ಬಣಗಳು. ಒಕ್ಕೂಟಕ್ಕೆ ವಾರಕ್ಕೆ 350 ಮಿಲಿಯನ್ ಪೌಂಡ್ ಕೊಡುತ್ತಿದ್ದೇವೆ ಎಂದು ಲೀವ್ ಬಣ ಪ್ರಚಾರದ ಬಸ್ಸಿನ ಮೇಲೆ ಬರೆದ ಮೊತ್ತದಲ್ಲಿ ಬ್ರಿಟನ್‌ಗೆ ಸಿಗುತ್ತಿದ್ದ ರಿಬೇಟನ್ನು (ವಂತಿಗೆಯ ರಿಯಾಯಿತಿಯನ್ನು) ಕಳೆದಿರಲಿಲ್ಲ. ಅಂಕಿಅಂಶ ಪ್ರಾಧಿಕಾರವೇ ಅದನ್ನು ತಪ್ಪು ದಾರಿಗೆ ಎಳೆಯುವಂಥದ್ದು ಎಂದಿತು. ಇತ್ತ ಖಜಾನೆ ಇಲಾಖೆ, ಬಿಡಬೇಕೆಂದು ಮತ ಬಿದ್ದರೆ ಅದರ ಬೆನ್ನಿಗೇ ಆರ್ಥಿಕ ಹಿಂಜರಿತ ಬರುತ್ತದೆ ಎಂದು 2016ರ ಮೇನಲ್ಲಿ ಹೇಳಿತ್ತು. ಅದು ಬರಲಿಲ್ಲ. ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ದೀರ್ಘಾವಧಿಯಲ್ಲಿ ಉತ್ಪಾದಕತೆ ಶೇ 4ರಷ್ಟು ತಗ್ಗುತ್ತದೆ ಎಂಬ, ಸರ್ಕಾರಿ ಹಣಕಾಸಿನ ಅಂದಾಜು ಮಾಡುವ ಬಜೆಟ್ ಹೊಣೆಗಾರಿಕಾ ಕಚೇರಿಯ ಲೆಕ್ಕ ಇದಕ್ಕಿಂತ ಎಷ್ಟೋ ಎಚ್ಚರದ್ದು. ಆದರೆ ನಿಧಾನ ನಷ್ಟ ಕಣ್ಣಿಗೆ ಬೀಳುವುದಿಲ್ಲ, ಸುಳ್ಳಾದ ಭವಿಷ್ಯ ಮಾತ್ರ ನೆನಪಿರುತ್ತದೆ.

ತುಂಗಾತೀರ:

ತುಂಬ ಉಪಯೋಗವಾಯಿತು. ಹಾಗಾದರೆ ತೀರ್ಮಾನ ನಮ್ಮಲ್ಲೇ ಆಗಬೇಕು ಎಂದು ಮತ ಹಾಕಿದವರು ಕಸ್ಟಮ್ಸ್ ಯೂನಿಯನ್ ಬೇಡ ಎನ್ನುವುದು ಅವರ ಮಟ್ಟಿಗೆ ಸರಿಯೇ ಅಲ್ಲವೇ? ಸಂಸತ್ತಿನಲ್ಲಿ ಇದು ಯಾವತ್ತಾದರೂ ಮತಕ್ಕೆ ಬಂದಿತ್ತೇ?

ಬಂದರುಲೆಕ್ಕ:

ಸರಿಯೇ. ಒಕ್ಕೂಟದ ಹೊರಗಿದ್ದುಕೊಂಡು ಕಸ್ಟಮ್ಸ್ ಯೂನಿಯನ್ ಸೇರಿದರೆ ದರ ನಿಗದಿಯಾಗುವುದು ಒಕ್ಕೂಟದ ಕೇಂದ್ರ ಬ್ರಸೆಲ್ಸ್‌ನಲ್ಲಿ, ಬ್ರಿಟನ್‌ಗೆ ಅಲ್ಲಿ ಮತವಿಲ್ಲ. ಒಕ್ಕೂಟ ಮೂರನೇ ದೇಶದೊಡನೆ ಒಪ್ಪಂದ ಮಾಡಿಕೊಂಡಾಗ ಆ ದೇಶದ ಸರಕು ಟರ್ಕಿಯೊಳಗೂ ಸುಲಭವಾಗಿ ಬರುತ್ತದೆ, ಟರ್ಕಿಯ ಸರಕಿಗೆ ಆ ದೇಶದಲ್ಲಿ ತಾನಾಗಿಯೇ ರಿಯಾಯಿತಿ ಸಿಗುವುದಿಲ್ಲ. ಭಾರತ ಸ್ಕಾಚ್ ವಿಸ್ಕಿಯ ಸುಂಕವನ್ನು ಶೇ 150ರಿಂದ 75ಕ್ಕೆ, ಮುಂದೆ ಹತ್ತು ವರ್ಷದಲ್ಲಿ 40ಕ್ಕೆ ಇಳಿಸುವ ಮಾತು ಬ್ರಿಟನ್‌ಗೆ ತನ್ನದೇ ಸುಂಕ ನೀತಿ ಇದ್ದುದರಿಂದ ಸಾಧ್ಯವಾಯಿತು. ಇದರ ಲಾಭ ಗಡಿಯ ಕಾಗದದ ವೆಚ್ಚವನ್ನು ತುಂಬಿಕೊಡುವಷ್ಟು ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನ ಅತಿ ದೊಡ್ಡ ಗಿರಾಕಿ ಈಗಲೂ ಪಕ್ಕದ ಒಕ್ಕೂಟವೇ.

ಮತಕ್ಕೆ ಬಂದಿತ್ತು. 2019ರ ಏಪ್ರಿಲ್ 1ರಂದು ಕನ್ಸರ್ವೇಟಿವ್ ಸಂಸದ ಕೆನ್ ಕ್ಲಾರ್ಕ್ ಮಂಡಿಸಿದ ಕಸ್ಟಮ್ಸ್ ಯೂನಿಯನ್ ಸೂಚನೆ 273–276ರಲ್ಲಿ, ಮೂರೇ ಮತಗಳಲ್ಲಿ ಬಿದ್ದುಹೋಯಿತು. ಎರಡನೇ ಜನಮತಗಣನೆಗೇ ಪಟ್ಟು ಹಿಡಿದ ಕೆಲವರು ಅದಕ್ಕೆ ಕೈಜೋಡಿಸಲಿಲ್ಲ. ಎರಡನೇ ಜನಮತಗಣನೆಯ ಸೂಚನೆಯೂ ಅದೇ ರಾತ್ರಿ 280–292ರಲ್ಲಿ ಸೋತಿತು.

ಬ್ರಿಟನ್ನಿನದೇ ಭಾಗವಾದ ಉತ್ತರ ಐರ್ಲೆಂಡ್ ಮಾತ್ರ ಬೇರೆ. ಅಲ್ಲಿ ಸರಕಿಗೆ ಒಕ್ಕೂಟದ ನಿಯಮಗಳೇ ಬಹುಪಾಲು ನಡೆಯುತ್ತವೆ, ಹಾಗಾಗಿ ಡಬ್ಲಿನ್–ಬೆಲ್‌ಫಾಸ್ಟ್ ರಸ್ತೆಯಲ್ಲಿ ಕಸ್ಟಮ್ಸ್ ಚೌಕಿ ಇಲ್ಲ, ತಪಾಸಣೆ ಸಮುದ್ರದ ಕಡೆಗೆ ಸರಿದಿದೆ. ಬ್ರಿಟನ್ ಮತ್ತು ಒಕ್ಕೂಟದ 2023ರ ವಿಂಡ್ಸರ್ ಫ್ರೇಮ್‌ವರ್ಕ್ ಒಪ್ಪಂದದ ಪ್ರಕಾರ ಅಲ್ಲೇ ಮಾರಾಟವಾಗಿ ಮುಗಿಯುವ ಸರಕಿಗೆ ಹಸಿರು ಸಾಲು, ಐರಿಷ್ ಗಣರಾಜ್ಯಕ್ಕೆ ದಾಟಬಹುದಾದ ಸರಕಿಗೆ ಕೆಂಪು ಸಾಲು. ಹಸಿರು ಸಾಲು ಬೇಕಿದ್ದರೆ ವಿಶ್ವಾಸಾರ್ಹ ವ್ಯಾಪಾರಿ ಎಂದು ಮೊದಲೇ ನೋಂದಾಯಿಸಿಕೊಂಡಿರಬೇಕು. ಹಾಲು, ಮಾಂಸದಂಥ ಪದಾರ್ಥಗಳ ಮೇಲೆ ‘ಒಕ್ಕೂಟಕ್ಕಲ್ಲ’ ಎಂಬ ಅರ್ಥದ ಚೀಟಿಯೂ ಇರಬೇಕು.